ಗುರುಸಿದ್ದವ್ವನ ನಾಲಿಗೆ

ಇಳಕಲ್ಲಿನ ಆ ಓಣಿಯಲ್ಲಿ ಮಧ್ಯಾಹ್ನ ಯಾರೂ ಸುಮ್ಮನೆ ಉಣ್ಣಲು ಕೂಡುತ್ತಿರಲಿಲ್ಲ. ಮೊದಲು ತಾಟಿನ ಫೋಟೋ ಹೋಗಬೇಕು. 'ನಮ್ಮ ಓಣಿ ಅಡಗಿ' ಅಂತ ನಾಗರತ್ನಾ ಮಾಡಿದ ವಾಟ್ಸಾಪ್ ಗ್ರೂಪು ಅದು. ಒಂದರ ಹಿಂದೆ ಒಂದು ತಾಟು ಬಂದು ಬೀಳುತ್ತಿದ್ದವು. ರೊಟ್ಟಿ, ಪುಂಡಿಪಲ್ಯ, ಮಡಕಿಕಾಳು, ಗುರೆಳ್ಳು ಚಟ್ನಿ, ಪಕ್ಕದಲ್ಲೊಂದು ಹಸಿ ಉಳ್ಳಾಗಡ್ಡಿ. ಫೋಟೋ ಹಾಕಿದವಳಿಗೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಯಾಕೆಂದರೆ ಇನ್ನೇನು ಗುರುಸಿದ್ದವ್ವನ ದನಿ ಬರುವುದಿತ್ತು.

ಗುರುಸಿದ್ದವ್ವನಿಗೆ ಟೈಪು ಮಾಡಲು ಬರುತ್ತಿರಲಿಲ್ಲ. ಬರುವ ಅಗತ್ಯವಾದರೂ ಏನಿತ್ತು? ಜಗಲಿಯ ಮೇಲೆ ಕಾಲು ಚಾಚಿ ಕೂತು, ಫೋನನ್ನು ರೊಟ್ಟಿಯ ಹಾಗೆ ಅಂಗೈಯಲ್ಲಿ ಹಿಡಿದು ಬಾಯಿ ಬಿಟ್ಟರೆ ಸಾಕು.

"ನಾಗರತ್ನಾ, ಝುಣಕ ಮಾಡೀಯೋ, ಗ್ವಾಡಿಗೆ ಮೆತ್ತಾಕ ಮಣ್ಣ ಕಲಸೀಯೋ? ನೋಡಿದ್ರನ ನೀರಡಿಕಿ ಆಗಾಕತ್ತೈತಿ."

"ಲಾಡಬಿ, ನಿನ್ನ ಬದನಿಕಾಯಿ ಎಣ್ಣ್ಯಾಗ ಮುಳಗಾಕತ್ತಾವ. ಯಾರರ ಹಗ್ಗ ಒಗೀರಿ, ಪಾಪ."

"ವಿದ್ಯಾ, ಬ್ಯಾಂಕಿನ್ಯಾಗ ಪಗಾರ ಕೊಡ್ತಾರಿಲ್ಲೋ? ಒಗ್ಗರಣಿಗೆ ಸಾಸಿವಿ ಎಣಿಸಿ ಹಾಕೀಯಲ್ಲ."

ಕೇಳಿದವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಬೈಸಿಕೊಂಡವಳೊಬ್ಬಳನ್ನು ಬಿಟ್ಟು. ನಾಳೆ ತನ್ನ ಪಾಳಿ ಅಂತ ಗೊತ್ತಿದ್ದೂ ನಗುತ್ತಿದ್ದರು. ಹೆಂಗಸರ ಬುದ್ಧಿ ಅಂತ ಯಾರೂ ಮೂಗು ಮುರಿಯಬೇಕಾಗಿಲ್ಲ, ಗಂಡಸರೂ ಚಹದಂಗಡಿಯಲ್ಲಿ ಕೂತು ಅದನ್ನೇ ಹಾಕಿಸಿಕೊಂಡು ಕೇಳುತ್ತಿದ್ದರು.

ಗುರುಸಿದ್ದವ್ವ ಬರೀ ಬಾಯಿಬಡುಕಿಯಾಗಿದ್ದರೆ ಯಾರು ಕೇಳುತ್ತಿದ್ದರು? ಆಕೆಯ ನಾಲಿಗೆ ಖರೆ ನಾಲಿಗೆ. ಒಂದು ಚೂರು ಪಲ್ಯ ತುದಿಗೆ ತಾಗಿದರೆ ಯಾರ ಮನೆಯದು, ಯಾವಾಗ ಮಾಡಿದ್ದು, ಮಾಡುವಾಗ ಯಾರ ಜೊತೆ ಜಗಳಾಡಿ ಉರಿ ಹೆಚ್ಚು ಮಾಡಿದ್ದಳು, ಎಲ್ಲ ಹೇಳುತ್ತಿದ್ದಳು. ಮಠದ ಶ್ರಾವಣದ ದಾಸೋಹಕ್ಕೆ ಓಣಿಯ ಹೆಂಗಸರೆಲ್ಲ ಹೋಗಿ ಅಡಿಗೆ ಮಾಡುವುದು ರೂಢಿ. ಎಡೆ ಹಿಡಿಯುವ ಮೊದಲು ಯಾರೂ ರುಚಿ ನೋಡುವ ಹಾಗಿಲ್ಲ, ಅದಕ್ಕೇ ಅಷ್ಟು ದೊಡ್ಡ ಹಂಡೆಯ ಸಾರಿಗೆ ಉಪ್ಪು ಹಾಕುವ ಕೈ ಒಂದೇ ಇರಬೇಕು. ಅತ್ತೆಯ ಕಾಲದ ನಂತರ ಆ ಕೈ ಗುರುಸಿದ್ದವ್ವನದು. ಆಕೆ ಬೊಗಸೆಯೆತ್ತಿ ಹಂಡೆಯ ಮುಂದೆ ನಿಂತಾಗ ಸ್ವಾಮಿಗಳೂ ಮಾತು ನಿಲ್ಲಿಸುತ್ತಿದ್ದರಂತೆ. ಗಂಡ ಸತ್ತ ಮೇಲೆ ಆಕೆಗೆ ಲೋಕದಲ್ಲಿ ಉಳಿದ ದೊಡ್ಡಸ್ತಿಕೆ ಅಂದರೆ ಅದೊಂದೇ.

ಇಂಥ ಮನೆಗೆ ಕಲಾದಗಿಯ ಶೈಲಾ ಸೊಸೆಯಾಗಿ ಬಂದಳು. ಮಗ ವಿಜಯಮಹಾಂತೇಶ ಹುನಗುಂದದ ಕೋರ್ಟಿನಲ್ಲಿ ಕಾರಕೂನ. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೇ ಮನೆ, ನಡುವೆ ಮನೆಯಲ್ಲಿ ಏನು ನಡೆಯಿತು ಅಂತ ಅವನು ಕೇಳಿದವನಲ್ಲ. ಶೈಲಾಳ ಮೊದಲ ರೊಟ್ಟಿ ಹಂಚಿನ ಮೇಲೆ ಹರಿದದ್ದೇ ತಡ, ಗುರುಸಿದ್ದವ್ವ ಅದರ ಫೋಟೋ ತೆಗೆದು ಗ್ರೂಪಿಗೆ ಬಿಟ್ಟಳು. "ನಮ್ಮ ಸೊಸಿ ರೊಟ್ಟಿ ನೋಡ್ರೆವಾ. ಎಮ್ಮಿಗೆ ತೋರಿಸಿದೆ, ಅದೂ ಹಿಂದಕ್ಕ ಸರೀತು." ಶೈಲಾ ಒಲೆಯ ಮುಂದಿನಿಂದ ಏಳಲಿಲ್ಲ, ಅಳಲೂ ಇಲ್ಲ. ಇನ್ನೊಂದು ಉಂಡೆ ತಗೊಂಡು ತಟ್ಟಿದಳು.

ಅದನ್ನೂ ಬಿಡಿ. ಶೈಲಾಳ ತಾಯಿ ಒಮ್ಮೆ ಕಲಾದಗಿಯಿಂದ ಬಂದಿದ್ದಳು, ಒಂದು ಚೀಲ ಚಿಕ್ಕುಹಣ್ಣು ಮತ್ತು ಒಂದು ಡಬ್ಬಿ ತುಂಬುಗಾಯಿ ಪಲ್ಯ ಹಿಡಿದುಕೊಂಡು. ನಸುಕಿನಲ್ಲೆದ್ದು ಮಾಡಿದ್ದು, ಮಗಳಿಗೆ ಇಷ್ಟ ಅಂತ. ಗುರುಸಿದ್ದವ್ವ ಡಬ್ಬಿ ಬಿಚ್ಚಿ ಒಂದು ಬೆರಳು ನೆಕ್ಕಿದಳು. ಎದ್ದು ಹೋಗಿ ಬೀಗತಿಯ ಕಣ್ಣೆದುರೇ ಡಬ್ಬಿಯನ್ನು ಎಮ್ಮೆಯ ಗ್ವಾದಲಿಗೆ ಬೋರಲು ಹಾಕಿ, ತೊಳೆದು, ಒರೆಸಿ ಕೈಗಿಟ್ಟಳು. "ಡಬ್ಬಿ ಚಲೋ ಐತ್ರಿ ಬೀಗತ್ಯಾರ, ಒಯ್ರಿ" ಅಂದಳು. ಆ ತಾಯಿ ಮಧ್ಯಾಹ್ನದ ಬಸ್ಸಿಗೇ ಹೋದಳು. ಮತ್ತೆಂದೂ ಬರಲಿಲ್ಲ, ಆ ವರ್ಷವೇ ತೀರಿಕೊಂಡಳು. ಎಮ್ಮೆ ಪಲ್ಯ ತಿಂದಿತ್ತು, ಅದು ಬೇರೆ ಮಾತು. ಗುರುಸಿದ್ದವ್ವನಿಗೆ ಇದೆಲ್ಲ ನೆನಪಿತ್ತು ಅಂತ ತಿಳಿಯಬೇಡಿ. ಅಂಥವು ಮಾಡಿದವರ ನೆನಪಿನಲ್ಲಿ ಎಲ್ಲಿ ಉಳಿಯುತ್ತವೆ?

ಆಮೇಲೆ ಶಿವರಾತ್ರಿಯ ಸುಮಾರಿಗೆ ಜ್ವರ ಬಂತು. ಎಂಥದೋ ಹಾಳು ಜ್ವರ, ವಾರದಲ್ಲಿ ಇಳಿಯಿತು. ಇಳಿಯುವಾಗ ಗುರುಸಿದ್ದವ್ವನ ಮೂಗನ್ನೂ ನಾಲಿಗೆಯನ್ನೂ ಒಯ್ದುಬಿಟ್ಟಿತು. ಮೊದಲು ಆಕೆಗೆ ತಿಳಿಯಲೇ ಇಲ್ಲ, ಬಾಯಿ ಕೆಟ್ಟಿದೆ ಅಂದುಕೊಂಡಳು. ಗುಣವಾದ ಮೇಲೂ ರೊಟ್ಟಿ ಅಗಿದರೆ ರಟ್ಟು ಅಗಿದ ಹಾಗೆ. ಹಸಿಮೆಣಸಿನಕಾಯಿ ಕಚ್ಚಿದಳು, ಬಾಯಿ ಉರಿಯಿತು, ರುಚಿ ಇಲ್ಲ. ಯಾರೂ ಇಲ್ಲದಾಗ ಡಬ್ಬಿಗೆ ಕೈ ಹಾಕಿ ಒಂದು ಹಿಡಿ ಉಪ್ಪು ಬಾಯಿಗೆ ಒಗೆದುಕೊಂಡಳು. ಉಸುಕು ಮುಕ್ಕಿದ ಹಾಗೆ. ಅವತ್ತು ಬಚ್ಚಲಿನ ಬಾಗಿಲು ಹಾಕಿಕೊಂಡು, ನೀರಿನ ಸಪ್ಪಳ ಮಾಡುತ್ತ ಅತ್ತಳು. ಗಂಡ ಹೋದಾಗಲೂ ಹಾಗೆ ಅತ್ತಿರಲಿಲ್ಲ.

ಮಂಡಿನೋವು ಅಂತ ಮಗನಿಗೆ ಸುಳ್ಳು ಹೇಳಿ ಬಾಗಲಕೋಟೆಯ ದವಾಖಾನೆಗೆ ಒಬ್ಬಳೇ ಹೋಗಿ ಬಂದಳು. ಒಮ್ಮೊಮ್ಮೆ ತಾನಾಗೇ ಬರುತ್ತದೆ, ಒಮ್ಮೊಮ್ಮೆ ಇಲ್ಲ ಅಂದರು ಡಾಕ್ಟರು. ಆಕೆ ಯಾರಿಗೂ ಬಾಯಿ ಬಿಡಲಿಲ್ಲ. ಗೊತ್ತಾದರೆ ಮುಗಿಯಿತು. ಮಠದ ಉಪ್ಪು ನಾಗರತ್ನಾಳ ಕೈಗೆ ಹೋಗುತ್ತದೆ. ಇಷ್ಟು ವರ್ಷ ಬೈಸಿಕೊಂಡವರೆಲ್ಲ ತಿರುಗಿ ನಿಲ್ಲುತ್ತಾರೆ. ಆ ಓಣಿಯಲ್ಲಿ ಆಮೇಲೆ ಬದುಕುವುದು ಹೇಗೆ?

ಆದರೆ ಮುದುಕಿ ಭಾಳ ಶಾಣ್ಯಾ. ಉಪಾಯ ಹುಡುಕಿದಳು. ಫೋಟೋಗೆ ಬೈಯಲು ನಾಲಿಗೆಯ ರುಚಿ ಬೇಕಿಲ್ಲ, ಕಣ್ಣು ಸಾಕು. ಮನೆಯ ಅಡಿಗೆಯನ್ನು "ಇನ್ನ ನೀ ಕಲಿ" ಅಂತ ಸೊಸೆಯ ಕೊರಳಿಗೆ ಕಟ್ಟಿದಳು. ತಾನೇ ಏನಾದರೂ ಮಾಡಿದರೆ ಸೌಟಿನಲ್ಲಿ ಒಂದಿಷ್ಟು ತೆಗೆದು ಶೈಲಾಳ ಅಂಗೈಗೆ ಹಾಕಿ, ಸಾಲೆಯ ಮಾಸ್ತರರ ಹಾಗೆ ಹುಬ್ಬು ಏರಿಸಿ ಕೇಳುತ್ತಿದ್ದಳು:

"ಏನ ಕಡಿಮಿ ಐತಿ ಹೇಳ ನೋಡೂಣು."

"ಉಪ್ಪ ಒಂಚೂರು ಕಮ್ಮಿ ಅನಸ್ತೈತ್ರಿ ಅತ್ತಿ."

"ಹೂಂ. ಗೊತ್ತಾತಲ್ಲ? ಬೇಕಂತನ ಬಿಟ್ಟಿದ್ದೆ. ಹಾಕ ಈಗ."

ಸೊಸೆಯ ಬಾಯಿಯಿಂದ ಉಣ್ಣುವುದನ್ನು ಆಕೆ ಹೀಗೆ ಕಲಿತಳು. ಶೈಲಾ ಪ್ರತಿಸಲವೂ ನೆಲ ನೋಡುತ್ತ, ಖರೆಯನ್ನೇ ಹೇಳುತ್ತಿದ್ದಳು. ಆ ಹುಡುಗಿಯ ಮುಖದಲ್ಲಿ ಏನೂ ಇರುತ್ತಿರಲಿಲ್ಲ. ಪೆದ್ದಿ ಅಂದುಕೊಂಡಿದ್ದಳು ಗುರುಸಿದ್ದವ್ವ.

ಶ್ರಾವಣ ಬಂತು. ನಾಗಪ್ಪನ ಹಬ್ಬಕ್ಕೆ ಮುಂಚೆ ರೊಟ್ಟಿ ಪಂಚಮಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಖಡಕ್ ಜೋಳದ ರೊಟ್ಟಿ, ಅದರ ಮೇಲೆ ನಾಲ್ಕಾರು ಥರದ ಪಲ್ಯ ಇಟ್ಟುಕೊಂಡು ಎಲ್ಲರೂ ಎಲ್ಲರ ಮನೆಗೆ ಹೋಗಿ ಕೊಡುವ, ಅವರದನ್ನು ಇಸಕೊಂಡು ಬರುವ ದಿನ. ಈ ಓಣಿಯಲ್ಲಿ ಅದಕ್ಕೊಂದು ಬಾಲ ಸೇರಿತ್ತು. ತಾಟುಗಳೆಲ್ಲ ಮೊದಲು ಗುರುಸಿದ್ದವ್ವನ ಜಗಲಿಗೆ ಬರಬೇಕು. ಆಕೆ ಕಣ್ಣಿಗೆ ಸೆರಗು ಕಟ್ಟಿಸಿಕೊಂಡು ಒಂದೊಂದು ಬೆರಳು ನೆಕ್ಕಿ ಯಾರ ಮನೆಯದು ಅಂತ ಹೇಳಬೇಕು. ಕೊನೆಗೆ ಆಕೆಯದೇ ಶೇಂಗಾ ಚಟ್ನಿ ಬರುತ್ತದೆ, "ಇದು ನಂದು" ಅನ್ನುತ್ತಾಳೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ನಾಗರತ್ನಾ ಅದನ್ನು ವೀಡಿಯೋ ಮಾಡಿ ಗ್ರೂಪಿಗೆ ಹಾಕುತ್ತಾಳೆ. ಪ್ರತಿ ವರ್ಷದ ಆಟ.

ಈ ವರ್ಷ ಬೇಡ ಅನ್ನಬಹುದಿತ್ತು. ಅಂದರೆ ಯಾಕೆ ಅಂತ ಕೇಳುತ್ತಾರಲ್ಲ? ಗುರುಸಿದ್ದವ್ವ ಎರಡು ದಿನ ನಿದ್ದೆಗೆಟ್ಟು ಲೆಕ್ಕ ಹಾಕಿದಳು. ನಾಲಿಗೆ ಹೋದರೇನು, ಹಲ್ಲಿಲ್ಲವೇ? ನಾಗರತ್ನಾ ಕಾಳು ಅರೆಬೇಯಿಸುತ್ತಾಳೆ. ಲಾಡಬಿ ಉಳ್ಳಾಗಡ್ಡಿಯನ್ನು ಬೆರಳುದ್ದ ಹೆಚ್ಚುತ್ತಾಳೆ. ವಿದ್ಯಾ ಎಲ್ಲವನ್ನೂ ಮಿಕ್ಸಿಗೆ ಹಾಕಿ ಹಿಟ್ಟು ಮಾಡುತ್ತಾಳೆ. ಅಗಿದರೇ ಹೇಳಬಹುದು. ಇನ್ನು ತನ್ನದು? ಅದು ಕೊನೆಗೇ ಬರುವುದು. ಬೆಳಿಗ್ಗೆ ತಾನೇ ಒಳಕಲ್ಲಿಗೆ ಹಾಕಿ ತರಿತರಿ ಕುಟ್ಟಿ ಮೊಸರಲ್ಲಿ ಕಲಸಿದ್ದು. ಅದಕ್ಕೆ ಭಯವೇ ಇಲ್ಲ.

ಜಗಲಿ ತುಂಬ ಹೆಂಗಸರು. ನಾಗರತ್ನಾ ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದರಿಂದ ಗುರುಸಿದ್ದವ್ವನ ಕೆಂಪು ಸೆರಗನ್ನೇ ಎತ್ತಿ ಕಣ್ಣಿಗೆ ಬಿಗಿದಳು. ತಾಟು ಎತ್ತಿ ಕೊಡುವ ಕೆಲಸ ಶೈಲಾಳದು.

ಮೊದಲ ಬೆರಳು. ಕಾಳು ಹಲ್ಲಿಗೆ ಟಕ್ ಅಂತು. ಗುರುಸಿದ್ದವ್ವನ ಎದೆ ತಣ್ಣಗಾಯಿತು.

"ನಾಗರತ್ನಾಂದು. ಯವ್ವಾ, ಈ ಮಡಕಿಕಾಳು ಬೇಯಿಸೀಯೋ, ಬರೇ ಬಿಸಿನೀರಾಗ ಜಳಕಾ ಮಾಡಿಸೀಯೋ?"

ಹೋ ಅಂತ ನಕ್ಕರು. ಎರಡನೆಯದರಲ್ಲಿ ಉಳ್ಳಾಗಡ್ಡಿ ಉದ್ದಕ್ಕೆ ಸಿಕ್ಕಿತು. "ಲಾಡಬಿದು. ಒಂದ ತುದಿ ನನ್ನ ಬಾಯಾಗ ಐತಿ, ಇನ್ನೊಂದ ತುದಿ ನಿಮ್ಮನಿ ಒಲಿ ಮ್ಯಾಲ ಇರಬೇಕು." ಮತ್ತೆ ನಗು. ಮೂರನೆಯದು ಹಿಟ್ಟು ಹಿಟ್ಟು. "ವಿದ್ಯಾ, ಇದನ್ನ ಮುಖಕ್ಕ ಹಚ್ಕೋ, ಬೆಳ್ಳಗಾಗ್ತಿ." ಒಂದೂ ತಪ್ಪಲಿಲ್ಲ. ಮುದುಕಿಗೆ ಹುರುಪು ಏರಿತು. ಇಷ್ಟಕ್ಕೇ ತಾನು ನಿದ್ದೆಗೆಟ್ಟದ್ದೇ? ನಾಲಿಗೆ ಇಲ್ಲದೆಯೂ ಈ ಓಣಿಯನ್ನು ಇನ್ನು ಹತ್ತು ವರ್ಷ ಆಳಬಹುದು ಅಂತ ಒಳಗೊಳಗೇ ಕುಣಿದಳು.

"ಇನ್ನ ನಿಮ್ದೊಂದ ಉಳೀತ್ರಿ ಅಕ್ಕಾರ" ಅಂದಳು ನಾಗರತ್ನಾ.

"ತಾರ ಶೈಲಾ."

ಶೈಲಾ ಒಳಗೆ ಹೋಗಿ ಬಂದಳು. ವಾಟಿ ಕೈಗೆ ಬಂತು. ಗುರುಸಿದ್ದವ್ವ ಮೂರು ಬೆರಳು ಹಾಕಿ ಬಾಯಿಗಿಟ್ಟುಕೊಂಡಳು. ತರಿತರಿ, ಒದ್ದೆ, ಹಿಂದಿನಿಂದ ಖಾರದ ಉರಿ. ತನ್ನದೇ. ಆಕೆ ಅವಸರ ಮಾಡಲಿಲ್ಲ. ಎಲ್ಲರೂ ನೋಡಲಿ ಅಂತ ಇನ್ನೊಮ್ಮೆ ತುಂಬಿಕೊಂಡಳು, ಬೆರಳು ಒಂದೊಂದಾಗಿ ಚೀಪಿದಳು.

"ಇದು ನಂದು" ಅಂದಳು. "ಊರೂರು ತಿರಗ್ರಿ, ಈ ಕೈ ಸಿಕ್ರ ಹೇಳ್ರಿ. ರುಚಿ ಅಂದ್ರ ಇದು. ಶೈಲಾ, ಕೇಳಿದೀ? ನಿಮ್ಮವ್ವ ಬದುಕಿದ್ರ ಆಕಿಗೂ ನಾಕ ದಿನಾ ಇಲ್ಲೆ ಇಟ್ಕೊಂಡ ಕಲಿಸಿ ಕಳಸ್ತಿದ್ದೆ."

ಚಪ್ಪಾಳೆ ಬರಲಿಲ್ಲ.

ಒಬ್ಬಳು ಕೆಮ್ಮಿದಳು. ಯಾರೋ "ಅಯ್ಯ ಶಿವನ" ಅಂದರು. ಗುರುಸಿದ್ದವ್ವ ಸೆರಗು ಎಳೆದು ಕಣ್ಣು ಬಿಟ್ಟಳು. ಹೆಂಗಸರೆಲ್ಲ ಮೂಗಿಗೆ ಸೆರಗು ಒತ್ತಿಕೊಂಡು ತನ್ನನ್ನೇ ನೋಡುತ್ತಿದ್ದರು. ಕೈಯಲ್ಲಿದ್ದ ವಾಟಿಯನ್ನು ನೋಡಿದಳು. ಮಣ್ಣಿನ ಬಣ್ಣದ ಏನೋ ಒಂದು, ಮೇಲೆ ಕೆಂಪು ಖಾರ. ಶೈಲಾಳ ಕಾಲ ಬುಡದಲ್ಲಿ ಎಮ್ಮೆಯ ಬಕೆಟ್ಟು ಇತ್ತು.

"ಅತ್ತಿ, ಇದು ಎಮ್ಮಿಗೆ ನೆನಿ ಇಟ್ಟಿದ್ದ ಗಾಣದ ಹಿಂಡಿರಿ" ಅಂದಳು ಶೈಲಾ. ದನಿ ಏರಿಸಲಿಲ್ಲ. "ನಿನ್ನೆದು. ಹುಳಿ ನಾತ ಹೊಡ್ಯಾಕತ್ತೈತಿ, ಇಡೀ ಓಣಿಗೆ ಬಡದೈತಿ. ನಿಮಗೊಬ್ಬರಿಗೆ ಬಡದಿಲ್ಲ."

ನಗು ತಕ್ಷಣ ಬರಲಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ನಗಬಹುದೋ ಬಾರದೋ ಅಂತ. ಇಷ್ಟು ವರ್ಷದ ಅಂಜಿಕೆ ಅಷ್ಟು ಬೇಗ ಹೋಗುವುದೇ?

ಗುರುಸಿದ್ದವ್ವ ಅಷ್ಟಕ್ಕೆ ಬಿಡುವವಳಲ್ಲ. "ಎಲಾ ಇವ್ಳ! ನನಗ ಗೊತ್ತಾಗಿಲ್ಲ ಅಂತ ತಿಳದ್ಯೇನು? ಚಾಷ್ಟಿ ಮಾಡಿದೆ. ನಿಮ್ಮ ಮಾರಿ ನೋಡಾಕಂತ ತಿಂದೆ" ಅಂದು ನಕ್ಕಳು. ಆ ನಗುವಿಗೆ ಹಲ್ಲಿನ ಸಂದಿಯ ಹಿಂಡಿ ಎಲ್ಲರಿಗೂ ಕಂಡಿತು.

"ಹಂಗಾದ್ರ ಭಾಳ ಚಲೋ ಆತು" ಅಂದಳು ನಾಗರತ್ನಾ. ಫೋನನ್ನು ವಿದ್ಯಾಳ ಕೈಗೆ ಕೊಟ್ಟು ಒಳಗೆ ಹೋದವಳು ಮುಷ್ಟಿ ಬಿಗಿದುಕೊಂಡು ಬಂದಳು. "ಕಣ್ಣ ಮುಚ್ಚರಿ ಅಕ್ಕಾರ. ಇದೊಂದ ಹೇಳಿಬಿಡ್ರಿ, ನಮಗೂ ಸಮಾಧಾನ ಆಗ್ತೈತಿ. ಮಠದ ಕೆಲಸ ನೋಡ್ರಿ."

ಗುರುಸಿದ್ದವ್ವ ಶೈಲಾಳ ಕಡೆ ನೋಡಿದಳು. ಅಷ್ಟು ತಿಂಗಳು ರೂಢಿಯಾಗಿ ಹೋಗಿತ್ತಲ್ಲ, ರುಚಿ ಬೇಕಾದರೆ ಆ ಮುಖದ ಕಡೆ ನೋಡುವುದು. ಶೈಲಾ ಈ ಸಲ ನೆಲ ನೋಡುತ್ತಿರಲಿಲ್ಲ. ಅತ್ತೆಯ ಕಣ್ಣಲ್ಲಿ ಕಣ್ಣಿಟ್ಟು ಸುಮ್ಮನೆ ನಿಂತಿದ್ದಳು.

ಕಣ್ಣು ಮುಚ್ಚಿದಳು. ನಾಗರತ್ನಾ ನಾಲಿಗೆಯ ಮೇಲೆ ಏನೋ ಇಟ್ಟಳು. ಹರಳು ಹರಳು. ಉಪ್ಪೂ ಹರಳು, ಸಕ್ಕರೆಯೂ ಹರಳು. ಬಾಯಲ್ಲಿ ಆಡಿಸಿದಳು, ಕರಗಿಸಿದಳು, ದೇವರೇ ದೇವರೇ ಅಂದುಕೊಂಡಳು. ನಾಗರತ್ನಾ ಕಪಟಿ, ಉಪ್ಪು ಅನ್ನಲಿ ಅಂತ ಸಕ್ಕರೆಯನ್ನೇ ತಂದಿರುತ್ತಾಳೆ.

"ಸಕ್ಕರಿ" ಅಂದಳು.

ಆಗ ಬಂತು ನೋಡಿ ನಗು. ಜಗಲಿ ಅಲುಗಾಡುವ ಹಾಗೆ. ವಿದ್ಯಾ ನಗುತ್ತ ನಗುತ್ತ ಕಂಬ ಹಿಡಿದುಕೊಂಡಳು, ಫೋನನ್ನು ಮಾತ್ರ ಬಿಡಲಿಲ್ಲ. "ಉಪ್ಪರಿ ಅಕ್ಕಾರ, ಉಪ್ಪ! ನಿಮ್ಮ ಡಬ್ಬ್ಯಾಂದ!" ಅಂತ ನಾಗರತ್ನಾ ಅಂಗೈ ತೆರೆದು ಎಲ್ಲರಿಗೂ ತೋರಿಸಿದಳು. "ಇನ್ನೊಮ್ಮೆ, ಇನ್ನೊಮ್ಮೆ" ಅಂತ ಹಿಂದಿನಿಂದ ಯಾರೋ ಕೂಗಿದರು. ಇನ್ನೊಬ್ಬಳು ಸೀಗೆಕಾಯಿ ಪುಡಿ ತರಲು ಮನೆಗೆ ಓಡಿದಳು.

ಲಾಡಬಿ ಒಬ್ಬಳೇ ನಗಲಿಲ್ಲ. ಎದ್ದು ಬಂದು ಒಂದು ತಂಬಿಗೆ ನೀರು ಕೈಗಿಟ್ಟಳು. "ಬಾಯಿ ಮುಕ್ಕಳಸವ್ವ" ಅಂದಳು. "ಜ್ವರಾ ಬಂದಾಗಿಂದ ಹಿಂಗ ಆಗೇತೇನ? ಯಾರಿಗೂ ಹೇಳಲಿಲ್ಲಲ್ಲ. ಪಾಪ." ಪಾಪ ಅನ್ನುವ ಆ ಮಾತನ್ನು ಗುರುಸಿದ್ದವ್ವ ಲಾಡಬಿಯ ಬದನೆಕಾಯಿಗೆ ಅಂದದ್ದು ಅದೆಷ್ಟು ಸಲವೋ. ಆಕೆ ತಂಬಿಗೆ ಎತ್ತಿ ಬಾಯಿ ಮುಕ್ಕಳಿಸಿದಳು.

"ನಿನಗ ಯಾವಾಗ ಗೊತ್ತಾತ?" ಅಂತ ಕೇಳಿದಳು ಸೊಸೆಯನ್ನು, ಎಲ್ಲರೂ ಹೋದ ಮೇಲೆ.

ಶೈಲಾ ರೊಟ್ಟಿಗಳನ್ನು ಬುಟ್ಟಿಗೆ ಹಾಕುತ್ತಿದ್ದಳು. "ಯುಗಾದಿ ಮುಂದ ಒಂದ ದಿನಾ ಬ್ಯಾಳಿಗೆ ಉಪ್ಪ ಹಾಕೂದ ಮರತಿದ್ದೆರಿ. ತಾಟ ಒಗೀತೀರಿ ಅಂತ ಗ್ವಾಡಿಗೆ ಹತ್ತಿ ನಿಂತಿದ್ದೆ. ನೀವು ಎರಡ ಸಲ ನೀಡಿಸಿಕೊಂಡ ಉಂಡ್ರಿ."

"ಆಗನ ಹೇಳಬೇಕಿತ್ತಿಲ್ಲ?"

"ಪಂಚಮಿ ಬರಲಿ ಅಂತ ಸುಮ್ನಿದ್ದೆರಿ" ಅಂದಳು ಶೈಲಾ, ಬುಟ್ಟಿಗೆ ಬಟ್ಟೆ ಮುಚ್ಚುತ್ತ.

ವೀಡಿಯೋ ಹೊತ್ತು ಮುಳುಗುವುದರೊಳಗೆ ಬದಾಮಿಯ ನೆಂಟರನ್ನೂ ಮುಟ್ಟಿತು. ಮಗ ಹುನಗುಂದದಲ್ಲೇ ನೋಡಿದ್ದನಂತೆ. ಮನೆಗೆ ಬಂದವನು ಹೆಂಡತಿಗೆ ಏನೂ ಅನ್ನಲಿಲ್ಲ, ಅಂದರೆ ಏನು ಅನ್ನಬೇಕಿತ್ತು ಅವನು? ತಾಯಿಗೆ ಮಾತ್ರ ಚಪ್ಪಲಿ ಬಿಡುತ್ತ ಹೇಳಿದ: "ಅವ್ವಾ, ಇನ್ನ ಅಡಗಿ ಮನಿಗೆ ಹೋಗಬ್ಯಾಡ. ಎಲ್ಲಾ ಆಕೀನ ನೋಡ್ಕೊಳ್ಳಲಿ."

ಸೋಮವಾರ ಮಠದಲ್ಲಿ ಉಪ್ಪಿನ ಬೊಗಸೆ ನಾಗರತ್ನಾಳದಾಯಿತು. ಗುರುಸಿದ್ದವ್ವನನ್ನು ಬದನೆಕಾಯಿ ಹೆಚ್ಚುವವರ ಸಾಲಿನಲ್ಲಿ ಕೂರಿಸಿದರು. ಅಲ್ಲಿ ಎಡೆಯಾಗುವವರೆಗೆ ಯಾರೂ ರುಚಿ ನೋಡುವುದಿಲ್ಲ, ಆ ಹಂಡೆಗೆ ನಾಲಿಗೆಯ ಕೆಲಸವೇ ಇಲ್ಲ, ಬೇಕಾದದ್ದು ಕೈಯಷ್ಟೇ. ಕೈಗೆ ಏನೂ ಆಗಿರಲಿಲ್ಲ. ನಾಗರತ್ನಾ ಹಾಕಿದ್ದು ಒಂದು ಹಿಡಿ ಹೆಚ್ಚು ಅಂತ ಅಷ್ಟು ದೂರದಿಂದಲೇ ಆಕೆಯ ಕೈಗೆ ತಿಳಿಯಿತು. "ನಾಗರತ್ನಾ, ಜಾಸ್ತಿ ಆತು" ಅಂತ ಬಾಯಿ ಬಿಟ್ಟಳು ಕೂಡ. "ಹೌದ್ರಿ, ಸಕ್ಕರಿ ಜಾಸ್ತಿ ಆತು!" ಅಂದಳು ಪಕ್ಕದವಳು. ಇಡೀ ಸಾಲು ಬಿದ್ದು ಬಿದ್ದು ನಕ್ಕಿತು. ಆಮೇಲೆ ಪಂಕ್ತಿಯಲ್ಲಿ ಸಾರು ಉಪ್ಪುಪ್ಪಾಗಿ ಜನ ನೀರು ನೀರು ಅಂದರು. ಮುದುಕಿಯ ಮಾತು ಯಾರಿಗೂ ನೆನಪಾಗಲಿಲ್ಲ.

ಮರುದಿನ ಮಧ್ಯಾಹ್ನ ಶೈಲಾ ತಾಟು ಹಚ್ಚಿದಳು. ರೊಟ್ಟಿ, ತುಂಬುಗಾಯಿ ಪಲ್ಯ, ಒಂದು ವಾಟಿ ಚಟ್ನಿ. ಮೇಲಿನಿಂದ ಫೋಟೋ ತೆಗೆದು ಗ್ರೂಪಿಗೆ ಹಾಕಿದಳು. ಟಣ್ ಟಣ್ ಅಂತ ಉತ್ತರ ಬಂದವು. ಅತ್ತೆಯ ಮುಂದೆ ತಾಟು ಇಟ್ಟು ಎದುರಿಗೇ ಮಂಡಿಯೂರಿ ಕೂತಳು.

"ಏನ ಕಡಿಮಿ ಐತಿ ಹೇಳ್ರಿ ಅತ್ತಿ, ನೋಡೂಣು."

ಗುರುಸಿದ್ದವ್ವ ಒಂದು ತುತ್ತು ಮುರಿದು ಪಲ್ಯಕ್ಕೆ ಅದ್ದಿದಳು. ಬಾಯಲ್ಲಿ ಮೆತ್ತಗೆ ಏನೋ ಇತ್ತು. ಚಟ್ನಿಯ ವಾಟಿ ನೋಡಿದಳು. ಖಾರ, ಮೊಸರು, ಕೆಳಗೆ ತರಿತರಿ. ಬಾಗಿಲಾಚೆ ಗ್ವಾದಲಿಯ ಹತ್ತಿರ ಎಮ್ಮೆಯ ಬಕೆಟ್ಟು ಖಾಲಿ ಬಿದ್ದಿತ್ತು. ಎಮ್ಮೆ ತಿಂದಿತ್ತೋ, ಇಲ್ಲವೋ. ಶೈಲಾಳ ಮುಖ ನೋಡಿದಳು. ಎಷ್ಟು ಹುಡುಕಿದರೂ ಅಲ್ಲಿ ಏನೂ ಸಿಗಲಿಲ್ಲ.

"ಎಲ್ಲಾ ಬರೋಬರಿ ಐತಿ" ಅಂದಳು.

"ಚಟ್ನಿ ತಿಂದ ಹೇಳ್ರಿ."

ಬೆರಳು ಅದ್ದಿ ಬಾಯಿಗಿಟ್ಟುಕೊಂಡಳು. ಉರಿಯಿತು. ನುಂಗಿದಳು.

"ಚಲೋ ಆಗೇತಿ."

"ಇನ್ನೊಂದೀಟ ನೀಡ್ಲೇನ್ರಿ?"

ಹೊರಗೆ ಎಮ್ಮೆ ಒಮ್ಮೆ ಕೂಗಿತು. ಗುರುಸಿದ್ದವ್ವ ತಾಟನ್ನು ಸೊಸೆಯ ಕಡೆಗೆ ಮುಂದೆ ಸರಿಸಿದಳು.

"ನೀಡವ್ವ" ಅಂದಳು.